ನಿಂತು ಮುಪ್ಪಾದ ಟೈರು

ಈ ಪುಟಗಳಲ್ಲಿ ಮನೆವಾರ್ತೆಯ ಮಾತನ್ನಾಡುವುದು ನಮ್ಮ ವಾಡಿಕೆ. ಈ ತಿಂಗಳು ಮನೆಯೇ ಗಾಲಿಗಳ ಮೇಲೆ ಹೊರಟ ಸಂಗತಿಯನ್ನು ಹೇಳಿದರೆ ವಾಡಿಕೆಗೆ ಭಂಗವಾಗದೆಂದು ನಂಬಿದ್ದೇವೆ.

2023ನೆಯ ಇಸವಿ ಜೂನ್ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿರುವ ಮಗನ ಬಳಿಗೆ ಹೋಗಿದ್ದೆವು. ಅಲ್ಲಿಂದ ಪಶ್ಚಿಮ ಸಮುದ್ರದವರೆಗೆ ನಮ್ಮನ್ನು ಕರೆದೊಯ್ಯಬೇಕೆಂದು ಅವನು ಹಳೆಯದೊಂದು ಮೋಟಾರು ಮನೆಯನ್ನು ಕೊಂಡಿದ್ದನು. ಆ ದೇಶದವರು ಇದನ್ನು ಆರ್‌ವಿ ಎನ್ನುತ್ತಾರೆ. ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಉಂಟು; ತೂಕವು ಆರು ಟನ್ನಿಗೆ ಸಮೀಪ. ಮುಂದೆ ಎರಡು ಗಾಲಿ. ಹಿಂದೆ ಎಡಬಲಗಳಲ್ಲಿ ಜೋಡಿಜೋಡಿಯಾಗಿ ನಾಲ್ಕು. ಮಾರಿದಾತನು ಟೈರುಗಳನ್ನು ತೋರಿಸಿ, "ಹೊಸದರಂತೆಯೇ ಇವೆ" ಎಂದಿದ್ದನಂತೆ. ನೋಟಕ್ಕೆ ನಿಜವೇ, ಗೆರೆಗಳು ಆಳವಾಗಿದ್ದವು, ಮೈ ಕಪ್ಪಗೆ ಹೊಳೆಯುತ್ತಿತ್ತು.

ಅರಿಜೋನ ಪ್ರಾಂತದಲ್ಲಿ ಹಾಲ್‌ಬ್ರೂಕ್ ಎಂಬ ಊರನ್ನು ದಾಟಿ, 40ನೆಯ ಸಂಖ್ಯೆಯ ಹೆದ್ದಾರಿಯಲ್ಲಿ ವಿನ್‌ಸ್ಲೋ ಕಡೆಗೆ ಹೋಗುತ್ತಿದ್ದಾಗ, ಅಪರಾಹ್ನದ ಉರಿಬಿಸಿಲಿನಲ್ಲಿ, ಹಿಂದಿನಿಂದ ಗರ್ನಾಲು ಹಾರಿಸಿದಂತೆ ಸದ್ದಾಯಿತು. ಬಂಡಿ ತೂರಾಡಿತು. ಮಗನು ಒಮ್ಮೆಗೇ ಬ್ರೇಕನ್ನು ಮೆಟ್ಟಲಿಲ್ಲ. ನಾವು ಉಳಿದುದು ಅದರಿಂದಲೇ. ಗಾಬರಿಯಿಂದ ಬ್ರೇಕು ತುಳಿದರೆ ಇಷ್ಟು ಭಾರದ ಬಂಡಿಯು ಕೈಮೀರಿ ಹೋದೀತು. ಚುಕ್ಕಾಣಿಯನ್ನು ಎರಡು ಕೈಗಳಿಂದಲೂ ಬಿಗಿಹಿಡಿದು ನೇರವಾಗಿ ನಡೆಸಬೇಕು. ವೇಗವು ತಾನಾಗಿ ತಗ್ಗಿದ ಮೇಲೆ ಮೆಲ್ಲನೆ ಅಂಚಿಗೆ ತರಬೇಕು. ಮುಂದಿನ ಟೈರು ಸಿಡಿದರಂತೂ ಈ ಎಚ್ಚರವು ಇಮ್ಮಡಿಯಾಗಿರಬೇಕು.

ಇಳಿದು ನೋಡಿದರೆ ಮೊದಲು ಏನೂ ಕಾಣಲಿಲ್ಲ. ಬಲಗಡೆಯ ಜೋಡಿಯಲ್ಲಿ ಹೊರಗಿನ ಟೈರು ನೆಟ್ಟಗೆ ನಿಂತಿತ್ತು, ಒಳಗಿನದು ಚಿಂದಿಯಾಗಿತ್ತು. ಬೀಸಿ ಹೊಡೆದ ರಬ್ಬರಿನ ಪಟ್ಟಿಯು ಬಚ್ಚಲ ಕೊಳವೆಯನ್ನೂ ಕಿತ್ತಿತ್ತು. ಆ ನಾರುವ ಪ್ರಕರಣವನ್ನು ವಿಸ್ತರಿಸುವುದಿಲ್ಲ. ಎಲ್ಲರೂ ರಸ್ತೆಯಿಂದ ಬಹುದೂರ ಸರಿದು ಕುಳಿತು ಮೆಕ್ಯಾನಿಕ್ಕಿನ ದಾರಿ ಕಾದೆವು. ಹೊತ್ತು ಹೋಗಲೆಂದು ಎಂಟು ವರ್ಷದ ಮೊಮ್ಮಗನಿಗೆ ಗಾಲಿಯ ಅಂಗಗಳ ಸಂಸ್ಕೃತ ನಾಮಗಳನ್ನು ಹೇಳಿಕೊಟ್ಟೆವು: ನಾಭಿ, ಅರ, ನೇಮಿ. "ಟೈರಿಗೆ ಏನು, ತಾತ?" ಎಂದನು. ಉತ್ತರ ತೋಚಲಿಲ್ಲ.

ಎರಡೂವರೆ ಗಂಟೆಯ ಮೇಲೆ ಬಂದ ಮೆಕ್ಯಾನಿಕ್ಕು ಹೆಚ್ಚಿನ ಗಾಲಿಯನ್ನು ಜೋಡಿಸುತ್ತ, "ಇವು ಎಷ್ಟು ವರ್ಷದವು?" ಎಂದು ಕೇಳಿದನು. ಮಗನು, "ಸವೆದೇ ಇಲ್ಲವಲ್ಲ" ಎಂದನು. "ನಾನು ಸವೆತವನ್ನು ಕೇಳಲಿಲ್ಲ, ವಯಸ್ಸನ್ನು ಕೇಳಿದೆ. ಸಿಡಿದುದರ ಜೊತೆಯದೂ ಒಂಟಿಯಾಗಿ ಭಾರ ಹೊತ್ತಿದೆ, ಅದನ್ನೂ ನಂಬಬೇಡಿ."

ಆ ಸಂಜೆ ವಿನ್‌ಸ್ಲೋದ ತಂಗುದಾಣದಲ್ಲಿ ಗಾಲಿಗಳಿಗೆ ಒತ್ತು ಕೊಟ್ಟು, ದೀಪ ಹಿಡಿದು ಹುಡುಕಿದೆವು. ಟೈರಿನ ಪಕ್ಕೆಯ ಮೇಲೆ ಡಿಓಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲೊಂದಿದೆ. ಅದರ ಕೊನೆಯ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. ಪೂರ್ಣವಾದ ಸಾಲು ಒಂದೇ ಪಕ್ಕೆಯಲ್ಲಿರುವುದೂ ಉಂಟು. ನಮ್ಮವುಗಳಲ್ಲಿ ಅದು ಒಳಮುಖವಾಗಿತ್ತು. ಮೊಮ್ಮಗನೇ ಓದಿದನು: 3512. ಎಂದರೆ 2012ನೆಯ ಇಸವಿಯ 35ನೆಯ ವಾರ. ಎಲ್ಲವೂ ಒಂದೇ ವಯಸ್ಸಿನವು. ಆಗತಾನೆ ಜೋಡಿಸಿದ ಹೆಚ್ಚಿನ ಗಾಲಿಯೂ ಅದೇ.

ರಬ್ಬರು ಓಡಿಯೇ ಕೆಡಬೇಕೆಂದಿಲ್ಲ. ಗಾಳಿಯೂ ಬಿಸಿಲೂ ಅದನ್ನು ನಿಂತಲ್ಲಿಯೇ ಒಣಗಿಸಿ ಬಿರಿಸುತ್ತವೆ. ಇದನ್ನು ತಡೆಯಲೆಂದು ಟೈರಿನಲ್ಲಿ ಮೇಣದಂಥ ದ್ರವ್ಯವನ್ನು ಬೆರೆಸಿರುತ್ತಾರೆ. ಟೈರು ಉರುಳಿ ಬಾಗಿದಾಗ ಅದು ಮೇಲ್ಮೈಗೆ ಬರುತ್ತದೆ. ವರ್ಷದಲ್ಲಿ ಹನ್ನೊಂದು ತಿಂಗಳು ನಿಂತಿರುವ ಬಂಡಿಗೆ ಆ ರಕ್ಷೆಯಿಲ್ಲ. (ನಿವೃತ್ತರಾದ ನಮಗೆ ಈ ಮಾತು ಸ್ವಲ್ಪ ನಾಟಿತು.) ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕೆಂದೂ, ಹತ್ತು ವರ್ಷವಾದುದನ್ನು ಚೆನ್ನಾಗಿ ಕಂಡರೂ ತೆಗೆದುಹಾಕಬೇಕೆಂದೂ ಅನೇಕ ತಯಾರಕರು ಹೇಳುತ್ತಾರೆ. ಮನೆಯ ಮುಂದೆ ಕಾರನ್ನು ನಿಲ್ಲಿಸಿಕೊಂಡು ಹಬ್ಬಕ್ಕೊಮ್ಮೆ ಹೊರಡಿಸುವ ವಾಚಕರೂ ಒಮ್ಮೆ ಬಗ್ಗಿ ನೋಡಬಹುದು.

ಇನ್ನು ನಮ್ಮ ಅಪರಾಧ. ಹಿಂದಿನ ದಿನ ಆಲ್ಬುಕರ್ಕಿಯಲ್ಲಿ, ನಡುಹಗಲು, ಬಂಡಿ ನಿಂತೊಡನೆ ಮಗನು ಗಾಳಿಯನ್ನು ಅಳೆದಿದ್ದನು. 80 ಇರಬೇಕಾದಲ್ಲಿ 92 ಇತ್ತು. "ಹೆಚ್ಚಾಗಿದೆಯಲ್ಲಪ್ಪ, ಸ್ವಲ್ಪ ಬಿಡು" ಎಂದೆವು. ಹಿರಿಯರ ಮಾತೆಂದು ಬಿಟ್ಟನು. ಓಡಿದ ಟೈರು ಕಾದು ಒತ್ತಡವೇರುವುದು ಸಹಜ. 80 ಎಂಬ ಲೆಕ್ಕವು ಬೆಳಗ್ಗೆ ಹೊರಡುವ ಮೊದಲು, ತಣ್ಣಗಿರುವಾಗಿನದು. ಬಿಸಿಯಲ್ಲಿ ಬಿಟ್ಟ ಗಾಳಿಯು ಬೆಳಗಾಗುವಷ್ಟರಲ್ಲಿ ಕೊರತೆಯಾಗಿರುತ್ತದೆ. ಗಾಳಿ ಸಾಲದ ಟೈರಿನ ಪಕ್ಕೆಯು ಸುತ್ತುಸುತ್ತಿಗೂ ಮಡಿಸಿಕೊಂಡು ಕಾಯುತ್ತದೆ. ಹನ್ನೊಂದು ವರ್ಷದ ಒಣ ರಬ್ಬರು ಆ ಕಾವನ್ನು ತಾಳಲಾರದು. ನಲವತ್ತು ವರ್ಷಕ್ಕೆ ಸಮೀಪ ಮಕ್ಕಳ ತಪ್ಪನ್ನು ತಿದ್ದಿದ ನಾವು ಇಷ್ಟನ್ನು ಯಾರನ್ನಾದರೂ ಕೇಳಬಹುದಾಗಿತ್ತು.

ಮಗನಿಗೆ ಮುಂದುವರಿಯುವ ಮನಸ್ಸು. ಆರು ಟೈರುಗಳ ಬೆಲೆ ಅಲ್ಪವಲ್ಲ, ರಜವೂ ಎಣಿಸಿದ್ದು. ಮುಂದಿನ ದಾರಿಯೋ, ಏಳು ಸಾವಿರ ಅಡಿ ಎತ್ತರದ ಫ್ಲ್ಯಾಗ್‌ಸ್ಟಾಫಿನಿಂದ ಕೊಲರಾಡೋ ನದಿಯ ದಡದ ನೀಡಲ್ಸಿಗೆ ಇಳಿದು, ಮೊಹಾವೆ ಮರುಭೂಮಿಯನ್ನು ಹೊಗುವುದು. ಗಾಳಿ ಬಿಡಿಸಿದವರು ನಾವೆಂಬ ಸಂಕೋಚದಿಂದ ಸುಮ್ಮನಿದ್ದೆವು. ಸೊಸೆಯೇ ಬಾಯಿಬಿಟ್ಟಳು: "ಮಾವ, ನೀವಾದರೂ ಹೇಳಿ. ಮಗುವನ್ನು ಕೂರಿಸಿಕೊಂಡು ಈ ಟೈರುಗಳ ಮೇಲೆ ನಾನು ಆ ಇಳಿಜಾರಿಗೆ ಬರುವುದಿಲ್ಲ." ಆಗ, "ಅವಳು ಹೇಳಿದಂತೆಯೇ ಆಗಲಿ" ಎಂದೆವು.

ಬೆಳಗಿನ ತಂಪಿನಲ್ಲಿ ನಿಧಾನವಾಗಿ ಫ್ಲ್ಯಾಗ್‌ಸ್ಟಾಫಿಗೆ ಹೋಗಿ ಆರನ್ನೂ ಬದಲಾಯಿಸಿದುದಾಯಿತು. ಎರಡು ದಿನ ಕಳೆದುವು. ಸಮುದ್ರತೀರದಲ್ಲಿ ಮೊಮ್ಮಗನಿಗೆ ಅರ್ಧ ದಿನ ಮಾತ್ರ ದೊರೆಯಿತು. ಹೊಸ ಟೈರುಗಳ ಮೇಲೆ 1423 ಎಂದಿತ್ತು. ಕಾಣುವಷ್ಟು ಗಾಲಿಗಳಲ್ಲಿ ಅಂಕೆಗಳು ಹೊರಮುಖವಾಗಿಯೇ ಇರಬೇಕೆಂದು ಸೊಸೆಯು ಅಂಗಡಿಯವನಿಗೆ ಮೊದಲೇ ಹೇಳಿದ್ದಳು.