ಸಂತೆಯ ಲೆಕ್ಕ, ಶಾಲೆಯ ಲೆಕ್ಕ

ಕೊಲ್ಕತ್ತಾ, ದಿಲ್ಲಿಯ ಸಂತೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಧ್ಯಯನವೊಂದು ಬಂತು. ನೊಬೆಲ್ ಪುರಸ್ಕೃತ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅದರ ಲೇಖಕರಲ್ಲಿದ್ದಾರೆ. ಗಿರಾಕಿಗೆ ಕೊಡಬೇಕಾದ ಚಿಲ್ಲರೆಯನ್ನು ಬಾಯಲ್ಲೇ ಹೇಳುವ ಮಕ್ಕಳು ಶಾಲೆಯ ಕ್ರಮದ ಲೆಕ್ಕದಲ್ಲಿ ತಡವರಿಸಿದರು. ಶಾಲೆಯ ಲೆಕ್ಕ ಬಲ್ಲ ಮಕ್ಕಳು ಸಂತೆಯ ಲೆಕ್ಕದಲ್ಲಿ ಸೋತರು.

ಹಾಗಾದ್ರೆ ದಡ್ಡರು ಯಾರು? ಮಕ್ಕಳಂತೂ ಅಲ್ಲ. ಎರಡರ ನಡುವೆ ಸೇತುವೆ ಕಟ್ಟದ ಪಾಠಕ್ರಮದ್ದೇ ತಪ್ಪು.

3ನೇ ತರಗತಿ ಮುಗಿಯುವಾಗ ಎಲ್ಲರಿಗೂ ಓದು, ಲೆಕ್ಕ ಬರಬೇಕೆಂಬುದು ನಿಪುಣ್ ಭಾರತ್ ಗುರಿ, ಗಡುವು 2026-27. ಮನೆಯಲ್ಲಿ ಬ್ಯಾರಿ ಮಾತಾಡುವ ಮಗು ಕನ್ನಡದ ವಾಕ್ಯ ಅರ್ಥವಾಗದೆ ಲೆಕ್ಕ ತಪ್ಪಿದರೆ ಅದನ್ನು ಗಣಿತದಲ್ಲಿ ಹಿಂದೆ ಎನ್ನಬಹುದೇ? ಸಮಾನತೆಯೆಂದರೆ ಸುಲಭದ ಲೆಕ್ಕ ಕೊಡುವುದಲ್ಲ. ಮನೆ ಮಾತು, ಮೀನಿನ ಬುಟ್ಟಿ, ಅಂಗಡಿ ಚೀಟಿಯಿಂದ ಶುರು ಮಾಡಿ ಪುಸ್ತಕದ ಲೆಕ್ಕಕ್ಕೆ ಕೈಹಿಡಿದು ತರುವುದು. ಎಸ್‌ಡಿಎಂಸಿ ಸಭೆಗೆ ಹೋಗುವ ಪೋಷಕರು ಇದನ್ನೇ ಕೇಳಲಿ.