ಬಟ್ಟಲು ತುಂಬಿತ್ತು, ಹಕ್ಕಿ ಸತ್ತಿತ್ತು

ಜಾತ್ರೆ ಮುಗಿಯಿತು. ತೇರು ನೆಲೆ ಸೇರಿತು, ಕಡ್ಲೆಪುರಿ ಅಂಗಡಿಗಳು ಗಂಟುಮೂಟೆ ಕಟ್ಟಿದವು, ಪೌರಕಾರ್ಮಿಕರು ಮೂರು ದಿನ ಕಸ ಎತ್ತಿದರು. ಇದೆಲ್ಲ ಪ್ರತಿವರ್ಷ ಇದ್ದದ್ದೇ. ನಿನ್ನೆ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಪಕ್ಕದ ಚರಂಡಿ ಅಂಚಿನಲ್ಲಿ ಒಂದು ಪುಟ್ಟ ತಂತಿ ಪಂಜರ ಬಿದ್ದಿತ್ತು. ಬಾಗಿಲು ತೆರೆದಿತ್ತು. ಒಳಗೆ ಎರಡು ಹಳದಿ ಪುಕ್ಕ, ಒಂದು ಪ್ಲಾಸ್ಟಿಕ್ ಬಟ್ಟಲು. ಬಸ್ಸಿಗೆ ಓಡುವವರಿಗೆ ಅದು ಏನೂ ಅಲ್ಲ. ಈ ಅಂಕಣ ಬರೆಯುವವನಿಗೆ ಮಾತ್ರ ಹೊಟ್ಟೆಯಲ್ಲಿ ಚುರುಕ್ ಅಂದಿತು.

ಜಾತ್ರೆಯಲ್ಲಿ ‘ಲವ್ ಬರ್ಡ್ಸ್, ಲವ್ ಬರ್ಡ್ಸ್’ ಎಂದು ಕೂಗಿ ಮಾರುತ್ತಾರಲ್ಲ, ಆ ಹಕ್ಕಿ ಅಸಲಿಗೆ ಲವ್ ಬರ್ಡೇ ಅಲ್ಲ ಸ್ವಾಮಿ. ಲವ್ ಬರ್ಡ್ ಆಫ್ರಿಕಾದ್ದು. ನಮ್ಮಲ್ಲಿ ಮಾರುವುದು ಬಡ್ಜರಿಗರ್, ಆಸ್ಟ್ರೇಲಿಯಾದ ಬಯಲುಸೀಮೆಯ ಹುಲ್ಲುಬೀಜ ತಿನ್ನುವ ಪುಟಾಣಿ ಗಿಳಿ. ಕಾಡಿನಲ್ಲಿ ಅದು ಹಸಿರೇ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞ ಇಂಗ್ಲೆಂಡಿಗೆ ಜೀವಂತ ಹಕ್ಕಿ ತಂದ. ಆಮೇಲೆ ಯೂರೋಪಿನ ಪಂಜರಗಳಲ್ಲೇ ಹಳದಿ, ನೀಲಿ, ಬಿಳಿ ಎಲ್ಲ ಹುಟ್ಟಿಕೊಂಡವು. 1925ರಲ್ಲಿ ಅಲ್ಲಿನ ಸಾಕಣೆಗಾರರು ಸೇರಿ ಸಂಘ ಕಟ್ಟಿದರು, ಹಕ್ಕಿ ಹೀಗಿರಬೇಕು ಅಂತ ಅಳತೆ ಗೊತ್ತುಮಾಡಿದರು.

ನನಗೆ ಈ ಹುಚ್ಚು ಹಿಡಿದದ್ದು 1978ರಲ್ಲಿ. ಸೋದರಮಾವ ಬೆಂಗಳೂರಿನ ರಸೆಲ್ ಮಾರ್ಕೆಟ್ ಕಡೆಯಿಂದ ಒಂದು ಜೋಡಿ ತಂದುಕೊಟ್ಟರು, ರಾತ್ರಿ ಬಸ್ಸಿನಲ್ಲಿ, ಟವೆಲ್ ಮುಚ್ಚಿದ ಪಂಜರದಲ್ಲಿ. ಆವತ್ತಿನಿಂದ ಇವತ್ತಿನವರೆಗೆ ನಮ್ಮ ಹಿತ್ತಲು ಒಂದು ದಿನವೂ ಸದ್ದಿಲ್ಲದೆ ಇದ್ದದ್ದಿಲ್ಲ. ‘ಮೊದಲು ಹಕ್ಕಿಗೆ ನವಣೆ, ಆಮೇಲೆ ನಿಮಗೆ ಕಾಫಿ’ ಅಂತ ಮನೆಯಾಕೆ ಆಡಿಕೊಳ್ಳುವುದು ನಿಂತಿಲ್ಲ. ಅವಳ ಮಾತು ಸುಳ್ಳೂ ಅಲ್ಲ.

ಸಾಕುವುದು ದೊಡ್ಡ ವಿದ್ಯೆ ಏನಲ್ಲ, ಆದರೆ ತಾಳ್ಮೆಯ ಕೆಲಸ. ಪಕ್ಕಕ್ಕೆ ತೂತು ಕೊರೆದ ಮಣ್ಣಿನ ಕುಡಿಕೆ ಕಟ್ಟಿದರೆ ಹೆಣ್ಣು ಒಳಗೆ ಹೋಗಿ ದಿನ ಬಿಟ್ಟು ದಿನದಂತೆ ನಾಲ್ಕರಿಂದ ಆರು ಮೊಟ್ಟೆ ಇಡುತ್ತೆ. ಹದಿನೆಂಟನೇ ದಿನದ ಹೊತ್ತಿಗೆ ಮರಿ ಒಡೆಯುತ್ತೆ. ಐದು ವಾರಕ್ಕೆ ಮರಿ ಕುಡಿಕೆಯಿಂದ ಹೊರಗೆ. ಗಂಡಿನ ಕೊಕ್ಕಿನ ಮೇಲಿನ ಮೂಗು ನೀಲಿ, ಬಲಿತ ಹೆಣ್ಣಿನದು ಕಂದು. ನವಣೆ, ಸಾಮೆ, ಸ್ವಲ್ಪ ಸೊಪ್ಪು, ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಮುದ್ರ ನೊರೆ ಒಂದು ತುಂಡು ಸುಣ್ಣದ ಅಂಶಕ್ಕೆ. ವರ್ಷಕ್ಕೆ ಎರಡು ಸೂಲು ಆದ ಮೇಲೆ ಕುಡಿಕೆ ಇಳಿಸಿಬಿಡಬೇಕು. ಇಳಿಸದಿದ್ದರೆ ಹೆಣ್ಣು ಮೊಟ್ಟೆ ಇಡುತ್ತಲೇ ಹೋಗಿ, ಕೊನೆಗೆ ಮೊಟ್ಟೆ ಸಿಕ್ಕಿಕೊಂಡು ಸಾಯುತ್ತೆ. ದುಡ್ಡಿನ ಆಸೆಯವರು ಕುಡಿಕೆ ಇಳಿಸುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕುಡಿಕೆಯಿಂದ ಹೊರಬಿದ್ದ ಮರಿಗೆ ಕಾಳು ಸುಲಿಯಲು ತಕ್ಷಣ ಬರುವುದಿಲ್ಲ. ಇನ್ನೂ ಒಂದು ವಾರ, ಹತ್ತು ದಿನ ಅಪ್ಪನೇ ಬಾಯಿಗೆ ಬಾಯಿ ಕೊಟ್ಟು ತಿನ್ನಿಸಬೇಕು. ಜಾತ್ರೆಗೆ ಬರುವುದು ಬಹಳ ಸಲ ಇಂಥ ಹಾಲುಗಲ್ಲದ ಮರಿಗಳೇ. ಯಾಕೆಂದರೆ ಮರಿ ನೋಡಲು ಚಂದ, ಕಚ್ಚುವುದಿಲ್ಲ, ಮಕ್ಕಳ ಕೈಮೇಲೆ ಕೂರುತ್ತೆ. ಮಗು ಅಳುತ್ತೆ, ಅಪ್ಪ ಜೇಬಿಗೆ ಕೈ ಹಾಕುತ್ತಾನೆ, ಬೂಟಿನ ಡಬ್ಬದಷ್ಟು ಪಂಜರದಲ್ಲಿ ಜೋಡಿ ಹಕ್ಕಿ ಬಸ್ ಹತ್ತುತ್ತೆ.

ಮನೆಯಲ್ಲಿ ಬಟ್ಟಲು ತುಂಬ ಕಾಳು ಹಾಕುತ್ತಾರೆ. ಇನ್ನೊಂದು ಮೋಸ ಇರುವುದು ಇಲ್ಲೇ. ಈ ಹಕ್ಕಿ ಕಾಳನ್ನು ಸುಲಿದು ತಿರುಳು ತಿಂದು ಹೊಟ್ಟನ್ನು ಅದೇ ಬಟ್ಟಲಿಗೆ ಉದುರಿಸುತ್ತೆ. ಎರಡು ದಿನದಲ್ಲಿ ಬಟ್ಟಲು ತುಂಬ ಬರೀ ಹೊಟ್ಟು. ಮೇಲಿನಿಂದ ನೋಡಿದರೆ ತುಂಬಿದಂತೆಯೇ ಕಾಣುತ್ತೆ. ಬಾಯಲ್ಲಿ ಉಫ್ ಅಂತ ಊದಿ ನೋಡಿದರೆ ತಾನೇ ಗೊತ್ತಾಗುವುದು? ದಿನಸಿ ಅಂಗಡಿಯವರಿಗೆ ಇದು ಹೇಳಿಕೊಡಬೇಕಾಗಿಲ್ಲ, ಮೂಟೆಗೆ ಕೈ ಹಾಕಿ ನೋಡುವ ಜನ ಅವರು. ಮಿಕ್ಕವರಿಗೆ ಹೇಳುವವರು ಯಾರು?

ನಾನು ಸಾಚಾ ಅಂತ ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. 1996ರಲ್ಲಿ ಮಗಳ ಕಾಲೇಜು ಫೀಸು ಕಟ್ಟಬೇಕಾಗಿತ್ತು. ಜಾತ್ರೆಗೆ ನಾಲ್ಕು ದಿನ ಮುಂಚೆ ಒಬ್ಬ ವ್ಯಾಪಾರಿ ಬಂದ. ‘ಸಾರ್, ಇರೋ ಮರಿ ಎಲ್ಲಾ ಕೊಡಿ, ಕೈಮೇಲೆ ಕಾಸು’ ಅಂದ. ಕೊಟ್ಟೆ. ಮೂವತ್ತಾರು ಹಕ್ಕಿ, ಅದರಲ್ಲಿ ಹತ್ತು ಹನ್ನೆರಡು ಇನ್ನೂ ಅಪ್ಪನ ಬಾಯಿ ನೋಡುತ್ತಿದ್ದವು. ಗೊತ್ತಿದ್ದೂ ಕೊಟ್ಟೆ.

ಒಂದು ವಾರ ಕಳೆದಿರಲಿಲ್ಲ, ಹಿಂದಿನ ಬೀದಿಯ ಹುಡುಗನೊಬ್ಬ ಕರ್ಚೀಫಿನಲ್ಲಿ ಏನೋ ಸುತ್ತಿಕೊಂಡು ಗೇಟಿನ ಹತ್ತಿರ ನಿಂತಿದ್ದ. ‘ಮಾಮ, ನೀವು ಹಕ್ಕಿ ಸಾಕ್ತೀರಲ್ಲ, ಇದು ಯಾಕೆ ಎದ್ದೇಳ್ತಿಲ್ಲ ನೋಡಿ’ ಅಂದ. ಬಿಚ್ಚಿದೆ. ನೀಲಿ ಮರಿ, ಎದೆ ಮೂಳೆ ಚಾಕುವಿನ ಹಾಗೆ ಎದ್ದಿತ್ತು. ಕಾಲಲ್ಲಿ ಅಲ್ಯೂಮಿನಿಯಂ ಉಂಗುರ. ಉಂಗುರದ ಮೇಲೆ ನಾನೇ ಕೆತ್ತಿಸಿದ ನನ್ನ ಹೆಸರಿನ ಅಕ್ಷರ, ಆ ವರ್ಷ, 17 ಅನ್ನುವ ನಂಬರು. ‘ಕಾಳು ತುಂಬಾ ಇತ್ತು ಮಾಮ, ಅದೇ ತಿನ್ನಲಿಲ್ಲ’ ಅಂತ ಹುಡುಗ ಅಳತೊಡಗಿದ. ಆ ಹಕ್ಕಿ ನನ್ನದೇ ಅಂತ ಅವನಿಗೆ ನಾನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಅವನು ಈಗ ಇದೇ ಊರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಈ ಪತ್ರಿಕೆ ಓದುತ್ತಾನೆ.

ಪ್ರಾಣಿದಯೆಯವರು ಹೇಳುವುದು ಬೇರೆ: ಪಂಜರವೇ ಬೇಡ, ಹಕ್ಕಿ ಹಾರಬೇಕು. 2015ರಲ್ಲಿ ದೆಹಲಿ ಹೈಕೋರ್ಟೂ ಹಾಗೆಯೇ ಹೇಳಿತು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಆ ಮಾತು ಚುಚ್ಚಿದ್ದಕ್ಕೇ ಹಿತ್ತಲಿನಲ್ಲಿ ಹನ್ನೆರಡು ಅಡಿ ಉದ್ದದ ಗೂಡು ಕಟ್ಟಿಸಿದ್ದು. ಆದರೆ ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟಿದ ಹಕ್ಕಿಯನ್ನು ‘ಪುಣ್ಯ ಬರುತ್ತೆ’ ಅಂತ ತಾರಸಿಯಿಂದ ಹಾರಿಬಿಡುವವರಿದ್ದಾರಲ್ಲ, ಅವರು ಪುಣ್ಯ ಕಟ್ಟುವುದು ಕಾಗೆಗೆ, ಹದ್ದಿಗೆ. ನಮ್ಮ ಕಾಡಿನ ಹಸಿರು ಗಿಳಿಯ ಕತೆ ಬೇರೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಅದು ಸರಿಯೇ. ಬಡ್ಜಿಗೆ ಆ ಕಾಯ್ದೆಯ ತಡೆ ಇಲ್ಲ. ತಡೆ ಇಲ್ಲ ಅಂದರೆ ಕೇಳುವವರೇ ಇಲ್ಲ ಅಂತ ಅರ್ಥ ಆಗಿಬಿಟ್ಟಿದೆ.

ಕಾನೂನು ಇಲ್ಲವೆ? ಇದೆ. ಹಕ್ಕಿ ಅಲ್ಲಾಡಲು ಆಗದ ಪಂಜರದಲ್ಲಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಐವತ್ತು ರೂಪಾಯಿಗೆ ಯಾವ ಹೋಟೆಲಿನಲ್ಲಿ ಇಬ್ಬರಿಗೆ ಮಸಾಲೆ ದೋಸೆ ಕೊಡುತ್ತಾರೆ, ಹೇಳಿ. 2018ರಲ್ಲಿ ಸಾಕುಪ್ರಾಣಿ ಅಂಗಡಿಗಳಿಗೆ ಬೇರೆ ನಿಯಮ ಬಂತು, ನೋಂದಣಿ ಇಲ್ಲದೆ ಮಾರುವಂತಿಲ್ಲ. ಜಾತ್ರೆಯಲ್ಲಿ ಮಳಿಗೆ ಕೊಡುವಾಗ ನಗರಸಭೆಯವರು ಆ ನೋಂದಣಿ ಕಾಗದ ತೋರಿಸಿ ಅಂತ ಒಂದು ಮಾತು ಕೇಳಬಾರದೆ? ಸುಂಕದ ಚೀಟಿ ಹರಿಯಲು ಮಾತ್ರ ಎಷ್ಟು ಚುರುಕು ನೋಡಿ.

ಮಾರುವವರ ಹೊಟ್ಟೆಪಾಡು ನನಗೂ ಗೊತ್ತು. ಅವರನ್ನು ಓಡಿಸಿ ಎನ್ನುವುದಿಲ್ಲ, ಬಲಿತ ಹಕ್ಕಿ ಮಾರಲಿ. ಗುರುತಿಸುವುದು ಸುಲಭ: ಮರಿಯ ಹಣೆಯ ಮೇಲಿನ ಕಪ್ಪು ಗೆರೆಗಳು ಮೂಗಿನವರೆಗೂ ಇಳಿದಿರುತ್ತವೆ. ಮೂರು ನಾಲ್ಕು ತಿಂಗಳಿಗೆ ಮೊದಲ ಪುಕ್ಕ ಉದುರಿದ ಮೇಲೆ ಹಣೆ ಬೋಳು ಬಣ್ಣಕ್ಕೆ ತಿರುಗುತ್ತೆ. ಅಪ್ಪಟ ಹಳದಿ, ಬಿಳಿ ಹಕ್ಕಿಗಳಲ್ಲಿ ಈ ಗೆರೆ ಕಾಣದು, ಅಲ್ಲಿ ಕಣ್ಣೆದುರೇ ಕಾಳು ಸುಲಿಸಿ ನೋಡಿ ಕೊಳ್ಳಬೇಕು. ಐದು ನಿಮಿಷ ನಿಂತು ನೋಡಿ. ಒಂದು ಬಸ್ ತಪ್ಪಿದರೆ ಇನ್ನೊಂದು ಬರುತ್ತೆ.

ಇನ್ನೊಂದು ಬೇಡಿಕೆ ಇದೆ. ಜನವರಿಯಲ್ಲಿ ತೋಟಗಾರಿಕೆ ಇಲಾಖೆ ಫಲಪುಷ್ಪ ಪ್ರದರ್ಶನ ಮಾಡುತ್ತೆ. ಕುಂಬಳಕಾಯಿಗೆ ಬಹುಮಾನ ಇದೆ, ಗುಲಾಬಿಗೆ ಇದೆ. ಒಂದು ಶಾಮಿಯಾನ ಹಕ್ಕಿಗೂ ಕೊಡಲಿ, ಒಂದೇ ದಿನ ಸಾಕು. ಇಂಗ್ಲೆಂಡಿನ ಪ್ರದರ್ಶನದಲ್ಲಿ ಪಂಜರಗಳೆಲ್ಲ ಒಂದೇ ಅಳತೆ, ಹೊರಗೆ ಕಪ್ಪು, ಒಳಗೆ ಬಿಳಿ. ಯಾರ ಹಕ್ಕಿ ಅಂತ ತೀರ್ಪುಗಾರನಿಗೆ ಗೊತ್ತಾಗಬಾರದು. ಗಂಟಲಿನ ಕೆಳಗೆ ಆರು ಕಪ್ಪು ಚುಕ್ಕೆ ದುಂಡಗೆ ಇದೆಯಾ, ಕಡ್ಡಿಯ ಮೇಲೆ ನೆಟ್ಟಗೆ ಕೂರುತ್ತಾ, ಪುಕ್ಕ ಹೊಳೆಯುತ್ತಾ, ಇಷ್ಟೇ ನೋಡುವುದು. ತಲೆ ದಪ್ಪ ಮಾಡಲು ಹೋಗಿ ಕಣ್ಣು ಮುಚ್ಚುವಷ್ಟು ಪುಕ್ಕ ಬೆಳೆಸಿದ್ದಾರೆ ಅವರು. ಆ ಹುಚ್ಚು ನಮಗೆ ಬೇಡ. ಆರೋಗ್ಯಕ್ಕೇ ಹೆಚ್ಚು ಅಂಕ ಇಡೋಣ. ಉಂಗುರವಿಲ್ಲದ ಹಕ್ಕಿಗೆ ಪ್ರವೇಶ ಬೇಡ, ಅಲ್ಲಿ ಮಾರಾಟವೂ ಬೇಡ. ಸಾಕಿದವನ ಹೆಸರು ಹಕ್ಕಿಯ ಕಾಲಲ್ಲಿ ಇದ್ದರೆ ಮರಿ ಮಾರುವ ಮುಂಚೆ ಎರಡು ಸಲ ಯೋಚಿಸುತ್ತಾನೆ. 17ನೇ ನಂಬರಿನ ಉಂಗುರ ನನ್ನ ಮೇಜಿನ ಡ್ರಾಯರಿನಲ್ಲಿ ಈಗಲೂ ಇದೆ.

ಬಡಗಿಯಿಂದ ಮಾಡಿಸಿದ ಹದಿನಾಲ್ಕು ಪ್ರದರ್ಶನ ಪಂಜರಗಳು ನಮ್ಮ ಅಟ್ಟದ ಮೇಲೆ ದೂಳು ಹಿಡಿದಿವೆ. ಇಲಾಖೆಯವರು ಹ್ಞೂಂ ಅಂದರೆ ನಾಳೆಯೇ ಬಣ್ಣ ಹೊಡೆಸಿ, ಆಟೋದಲ್ಲಿ ಹಾಕಿ ನಾನೇ ತಂದುಕೊಡುತ್ತೇನೆ.