ಕೋವಿ ಇರೋ ಮನೇಲಿ ಮಕ್ಕಳು

ಕೈಲ್‌ಪೊಳ್ದ್ ದಿನ ನಮ್ಮ ಕೊಡಗಿನ ಮನೆಗಳಲ್ಲಿ ಕೋವಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡ್ತೇವೆ. ಮಕ್ಕಳು ಕಣ್ಣರಳಿಸಿ ನೋಡ್ತಾವೆ. ಮಾರನೇ ದಿನ ಬರೀ "ಮುಟ್ಟಬೇಡ" ಅಂತ ಗದರಿದ್ರೆ ಸಾಕಾ? ಬಚ್ಚಿಟ್ಟ ಚಕ್ಕುಲಿ ಡಬ್ಬ ಹುಡುಕೋ ಮಕ್ಕಳಿಗೆ ಅಟ್ಟದ ಮೇಲಿನ ಕೋವಿ ಸಿಗೋದಿಲ್ವಾ?

ಮೊದಲ ಕೆಲಸ ದೊಡ್ಡವರದ್ದೇ. ಕೋವಿ ಖಾಲಿ ಮಾಡಿ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ತೋಟೆಗೆ ಬೇರೆ ಜಾಗ, ಬೇರೆ ಬೀಗ. ಆಮೇಲೆ ಮಕ್ಕಳಿಗೆ ಪಾಠ: ಕೋವಿ ಎಲ್ಲಿ ಕಂಡರೂ ಮುಟ್ಟಬೇಡ, ದೂರ ಹೋಗು, ದೊಡ್ಡವರಿಗೆ ಹೇಳು. "ಖಾಲಿ ಇದೆ" ಅಂತ ಯಾರೇ ಹೇಳಿದ್ರೂ ನಂಬಬೇಡ. ಹೇಳೋಕೆ ಬಂದ ಮಗುವನ್ನು ಬೈಯಬೇಡಿ, ಬೈದ್ರೆ ಮುಂದಿನ ಸಲ ಹೇಳೋದಿಲ್ಲ.

ನೆಂಟರ ಮನೆಗೆ ಮಕ್ಕಳನ್ನು ಕಳಿಸುವಾಗ "ಅಕ್ಕಾ, ಕೋವಿಗೆ ಬೀಗ ಹಾಕಿದ್ದೀರಾ?" ಅಂತ ಕೇಳೋಕೆ ಸಂಕೋಚ ಬೇಡ.

ಲೈಸೆನ್ಸಿನಿಂದ ನಮಗೆ 2029ರವರೆಗೆ ವಿನಾಯಿತಿ ಕೊಟ್ಟಿದ್ದಾರೆ. ಬೀಗ ಹಾಕೋದ್ರಿಂದ ಯಾರೂ ಕೊಟ್ಟಿಲ್ಲ.